‘ಎಷ್ಟು ಕೊಡ್ತಿ ಯವ್ವಾ?’

ಗಂಗಾವತಿಯ ತಾಯಿಯೊಬ್ಬರ ಪತ್ರ: “ಮಗ ನಾಲ್ಕನೇ ತರಗತಿ. ಓದಲಿ ಅಂತ ಒಂದು ಕಥೆ ಪುಸ್ತಕಕ್ಕೆ 10 ರೂಪಾಯಿ ಕೊಡುತ್ತಿದ್ದೆ. ಈಗ ಪುಸ್ತಕ ತೋರಿಸಿದರೆ ‘ಎಷ್ಟು ಕೊಡ್ತಿ ಯವ್ವಾ?’ ಅಂತಾನೆ. ತೆಳುವಾದದ್ದನ್ನೇ ಹುಡುಕುತ್ತಾನೆ. ರೊಕ್ಕ ನಿಲ್ಲಿಸಿದರೆ ಓದೂ ನಿಂತೀತು. ನನ್ನದು ತಪ್ಪೇ?”

ತಾಯೀ, ನಿಮ್ಮ ಮಗ ಜಾಣ. ದಪ್ಪ ಪುಸ್ತಕಕ್ಕೂ ಅದೇ 10 ರೂಪಾಯಿ ಅಲ್ಲವೇ? ಓದನ್ನು ಕೂಲಿ ಮಾಡಿದವರು ನೀವು, ಲೆಕ್ಕ ಕಲಿತವನು ಅವನು.

ಮಗ್ಗಿ ಬಾಯಿಪಾಠದಂಥ, ಮಕ್ಕಳಿಗೆ ಮೊದಲೇ ಬೇಡವಾದ ಕೆಲಸಕ್ಕೆ ಪೆಪ್ಪರಮೆಂಟಿನ ಆಸೆ ತೋರಿಸಿದರೆ ನಷ್ಟವಿಲ್ಲ ಎನ್ನುವವರಿದ್ದಾರೆ. ಇರಲಿ, ಒಪ್ಪೋಣ. ನನ್ನ ಸಂಕಟ ಇಷ್ಟಪಟ್ಟು ಮಾಡುವ ಕೆಲಸದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿ 1973ರಲ್ಲಿ ಪ್ರಕಟಿಸಿದರು. ಚಿತ್ರದ ಹುಚ್ಚಿದ್ದ ಮಕ್ಕಳನ್ನೇ ಆರಿಸಿ, ಕೆಲವರಿಗೆ ‘ಬಿಡಿಸಿದರೆ ಬಂಗಾರದ ನಕ್ಷತ್ರದ ಪ್ರಮಾಣಪತ್ರ’ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಅದೇ ಪೆನ್ನುಗಳನ್ನು ಸುಮ್ಮನೆ ಇಟ್ಟರೆ, ಮೊದಲ ಗುಂಪು ಕೂತದ್ದು ಉಳಿದವರ ಸುಮಾರು ಅರ್ಧದಷ್ಟೇ ಹೊತ್ತು. ಹೇಳದೆ ಪಡೆದವರ ಹುಚ್ಚು ಹಾಗೇ ಇತ್ತು. ಕೇಡೆಲ್ಲ ಕರಾರಿನಲ್ಲಿತ್ತು ತಾಯೀ.

ಕಿನ್ನಾಳದ ಚಿತ್ರಗಾರರ ಮನೆಯೊಂದರಲ್ಲಿ ಪುಟ್ಟ ಹುಡುಗಿಯೊಬ್ಬಳು ಕಟ್ಟಿಗೆ ಗಿಳಿಗೆ ಬಣ್ಣ ಹಚ್ಚುತ್ತ ಕೂತಿದ್ದಳು. ಹೊತ್ತು ಮುಳುಗಿದರೂ ಏಳಲೊಲ್ಲಳು. ದೊಡ್ಡಸ್ತಿಕೆಗೆ ನಾನು 20ರ ನೋಟು ಚಾಚಿದೆ. ಅಜ್ಜ ಕೈ ಹಿಡಿದ: “ರೊಕ್ಕ ಬ್ಯಾಡ್ರಿ. ರೆಕ್ಕಿಗೆ ಆ ಹಸಿರು ಯಾಕ ಹಚ್ಚಿದಿ ಅಂತ ಕೇಳ್ರಿ.” ಕೇಳಿದೆ. ಅರ್ಧ ತಾಸು ಹುಡುಗಿ ನನ್ನನ್ನು ಬಿಡಲಿಲ್ಲ. ಕೊಪ್ಪಳದ ಬಸ್ಸು ಹೋಯಿತು.

ನಿಮ್ಮೊಬ್ಬರನ್ನೇ ಬೈದರೆ ಏನು ಬಂತು? ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ ಊರಿನ ಫ್ಲೆಕ್ಸುಗಳನ್ನು ನೋಡಿ: ಮಗುವಿನ ಮುಖ ಅಂಗೈಯಷ್ಟು, ಅಂಕ ಬಾಗಿಲಷ್ಟು. ಶಾಲೆಯೊಂದರ (ಹೆಸರು ಬೇಡ) ಗ್ಯಾದರಿಂಗಿಗೆ ಬಹುಮಾನ ಹಂಚಲು ಹೋಗಿದ್ದೆ. ಪ್ರಬಂಧದಲ್ಲಿ ಗೆದ್ದವನನ್ನು “ಏನು ಬರೆದಿದ್ದಿ?” ಎಂದೆ. “ಸರ್ ಬರೆಸಿದ್ರು” ಅಂದ, ಕಪ್ಪನ್ನು ಎದೆಗವಚಿಕೊಂಡು. ನಮ್ಮದೇ ಪತ್ರಿಕೆಯ ಮಕ್ಕಳ ಪುಟಕ್ಕೂ ತಿಂಗಳ ಬಹುಮಾನವಿದೆ. ಈ ಬಗ್ಗೆ ಮಾಲೀಕರ ಜೊತೆ ನನ್ನ ಜಗಳ ಇನ್ನೂ ಹರಿದಿಲ್ಲ.

ರೊಕ್ಕ ನಿಲ್ಲಿಸಿ. ಓದೂ ನಿಲ್ಲುತ್ತದೆ, ಕೆಲವು ದಿನ, ಹೆದರಬೇಡಿ. ಸಂಜೆ ರೊಟ್ಟಿ ಬಡಿಯುತ್ತ ಒಂದು ಕಥೆ ಶುರು ಮಾಡಿ, ರಾಕ್ಷಸ ಬಾಗಿಲು ತಟ್ಟುವ ಹೊತ್ತಿಗೆ ಹಂಚು ಇಳಿಸಿ ಎದ್ದುಬಿಡಿ. ಮುಂದಿನದು ಯಾವ ಪುಸ್ತಕದಲ್ಲಿದೆ ಅಂತಷ್ಟೇ ಹೇಳಿ. ದಪ್ಪ ಪುಸ್ತಕವೇ ಇರಲಿ.