ಓದುಗರ ಪ್ರಶ್ನೆ: ಬಸ್ಸು ಕೈಕೊಟ್ಟರೆ ಇಂಗ್ಲಿಷಿನಲ್ಲಿ ಏನನ್ನಬೇಕು?

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹೊರರಾಜ್ಯದ ಖರೀದಿದಾರರು ‘ಲೋಡಿಂಗ್ ಪುಟ್ ಆಫ್’ ಎಂದು ಮೆಸೇಜ್ ಹಾಕಿದರು. ರದ್ದಾಯಿತು ಅಂದುಕೊಂಡು ಆ ಮಾಲನ್ನು ಬೇರೆಯವರಿಗೆ ಕೊಟ್ಟೆ. ಮಾಲೀಕರು ಬೈದರು. ಅದರ ಅರ್ಥ ಏನು?

ಉತ್ತರ: ಪುಟ್ ಆಫ್ ಅಂದರೆ ಮುಂದೂಡುವುದು. ಪೂರ್ತಿ ರದ್ದು ಮಾಡಿದರೆ ಕಾಲ್ ಆಫ್. ‘ಪುಟ್ ಆಫ್ ಟಿಲ್ ಥರ್ಸ್‌ಡೇ’ ಅನ್ನಬಹುದು. ಕಾಲ್ ಆಫ್ ಜೊತೆ ಟಿಲ್ ಕೂಡುವುದಿಲ್ಲ, ಯಾಕೆಂದರೆ ಅಲ್ಲಿಗೆ ಮಾತು ಮುಗಿಯಿತು. ಇನ್ನೊಮ್ಮೆ ಇಂಥ ಮೆಸೇಜ್ ಬಂದರೆ ‘ಟಿಲ್ ವೆನ್?’ ಅಂತ ತಕ್ಷಣ ಕೇಳಿಬಿಡಿ. ದಿನ ಬರೆಯದೆ ಮೆಸೇಜ್ ಹಾಕಿದವರದ್ದೂ ತಪ್ಪಿದೆ, ನಿಮ್ಮ ಮಾಲೀಕರು ಅದನ್ನೂ ನೋಡಬೇಕು. ಇದ್ದ ದಿನಕ್ಕಿಂತ ಮೊದಲೇ ಮಾಡುವುದನ್ನು ನಮ್ಮಲ್ಲಿ ಪ್ರೀಪೋನ್ ಅನ್ನುತ್ತಾರೆ. ಇಂಗ್ಲೆಂಡಿನವರು ‘ಬ್ರಿಂಗ್ ಫಾರ್ವರ್ಡ್’ ಅನ್ನುವುದೇ ಜಾಸ್ತಿ.

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿದ್ದು ಪರೀಕ್ಷೆಗೆ ಓದುತ್ತಿದ್ದೇನೆ. ಫ್ರೇಜಲ್ ವರ್ಬ್‌ಗಳ (ಪುಟ್ ಆಫ್, ಗಿವ್ ಅಪ್ ಥರ ಎರಡು-ಮೂರು ಪದ ಸೇರಿ ಒಂದೇ ಅರ್ಥ ಕೊಡುವ ಕ್ರಿಯಾಪದಗಳ) ದೊಡ್ಡ ಪಟ್ಟಿ ಬಾಯಿಪಾಠ ಮಾಡಿದ್ದೇನೆ. ಮಾತಾಡುವಾಗ ಒಂದೂ ನೆನಪಾಗುವುದಿಲ್ಲ.

ಉತ್ತರ: ನನ್ನ ಕ್ಲಾಸಿಗೆ ಬರುವ ಹುಡುಗರೂ ಇದನ್ನೇ ಹೇಳುತ್ತಾರೆ. ಕೇಳಿದಾಗೆಲ್ಲ ಸಂಕಟವಾಗುತ್ತದೆ. ಇಷ್ಟು ಕಷ್ಟಪಡುವ ಮಕ್ಕಳ ಕೈಗೆ ಬರೀ ಪಟ್ಟಿ ಕೊಟ್ಟು ಕೂರಿಸಬಾರದು.

ಕೈಕೊಡು, ಕೈಬಿಡು, ಕೈಹಾಕು, ಕೈಹಿಡಿ. ಇವನ್ನು ನಿಮಗೆ ಯಾರಾದರೂ ಪಟ್ಟಿ ಮಾಡಿ ಕಲಿಸಿದರೇ? ನವಲೂರು ದಾಟುವಾಗ ಬಸ್ಸು ಕೈಕೊಟ್ಟಿತು ಅಂದರೆ ಕೈಯನ್ನೂ ಕೊಡುವುದನ್ನೂ ಬಿಡಿಸಿ ನೋಡುವುದಿಲ್ಲ, ಅಲ್ವಾ? ಬ್ರೇಕ್ ಡೌನ್ ಅನ್ನೂ ಹಾಗೇ ಇಡಿಯಾಗಿ ತೆಗೆದುಕೊಳ್ಳಿ: ‘ದ ಬಸ್ ಬ್ರೋಕ್ ಡೌನ್’. ಓದು ಕೈಬಿಟ್ಟರೆ ಗಿವ್ ಅಪ್. ರೂಮಿನಲ್ಲಿ ಗ್ಯಾಸ್ ಮುಗಿದರೆ ‘ವಿ ಹ್ಯಾವ್ ರನ್ ಔಟ್ ಆಫ್ ಗ್ಯಾಸ್’. ಪಕ್ಕದ ರೂಮಿನವರ ಗದ್ದಲ ಸಹಿಸಿಕೊಂಡರೆ ಪುಟ್ ಅಪ್ ವಿತ್. ಅವತ್ತು ನಿಮಗೆ ನಿಜವಾಗಿ ಆಗಿದ್ದನ್ನೇ ವಾಕ್ಯ ಮಾಡಿ, ಜೋರಾಗಿ ಹೇಳಿ. ಹಾಗೆ ನಾಲ್ಕೇ ಬಂದರೂ ಅವು ನಿಮ್ಮವು. ಪಟ್ಟಿಯನ್ನು ಪರೀಕ್ಷೆಯ ಹಿಂದಿನ ವಾರ ತಿರುವಿ ಹಾಕಿದರೆ ಸಾಕು.

ಪ್ರಶ್ನೆ: ಗದಗದಲ್ಲಿ ಪಿಯುಸಿ ಓದುತ್ತಿದ್ದೇನೆ. ‘ಟರ್ನ್ ಆಫ್ ದ ಫ್ಯಾನ್’ ಸರಿ, ‘ಟರ್ನ್ ಆಫ್ ಇಟ್’ ತಪ್ಪು ಅಂದರು ಮೇಡಂ. ಯಾಕೆ?

ಉತ್ತರ: ಮೇಡಂ ಹೇಳಿದ್ದು ಸರಿ. ಫ್ಯಾನ್ ಎಂಬ ಹೆಸರು ಆಫ್‌ನ ಮುಂದೆಯೂ ಬರಬಹುದು, ಹಿಂದೆಯೂ ಬರಬಹುದು. ಆದರೆ ಇಟ್, ದೆಮ್, ಹರ್ ಥರದ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’. ಹಾಗಂತ ಎಲ್ಲಕ್ಕೂ ಇದೇ ನಿಯಮ ಹಚ್ಚಬೇಡಿ. ಲುಕ್ ಆಫ್ಟರ್ ಬಿಡಿಸಲು ಬರುವುದಿಲ್ಲ. ‘ಐ ಲುಕ್ ಆಫ್ಟರ್ ಹರ್’ ಅಂತಲೇ ಹೇಳಬೇಕು.

ಗುರುತು ಡಿಕ್ಷನರಿಯಲ್ಲೇ ಸಿಗುತ್ತದೆ. ಲಾಂಗ್‌ಮನ್ ಡಿಕ್ಷನರಿ ತೆರೆದರೆ ಟರ್ನ್ ಮತ್ತು ಆಫ್ ನಡುವೆ ‘ಸಮ್‌ಥಿಂಗ್’ ಇರುತ್ತದೆ, ಪಕ್ಕದಲ್ಲಿ ಎರಡೂ ಕಡೆಗೆ ಮೂತಿಯಿರುವ ಪುಟ್ಟ ಬಾಣ. ಬಾಣ ಇದ್ದರೆ ಹೆಸರನ್ನು ಆಚೀಚೆ ಸರಿಸಬಹುದು. ಲುಕ್ ಆಫ್ಟರ್‌ಗೆ ಆ ಬಾಣ ಇಲ್ಲ. ಸುಮ್ನೆ ಅರ್ಥ ನೋಡಿ ಮುಚ್ಚಿಡಬೇಡಿ, ಬಾಣವನ್ನೂ ನೋಡಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹತ್ತುವುದಕ್ಕೆ ಗೆಟ್ ಇನ್ ಅನ್ನಬೇಕೋ, ಗೆಟ್ ಆನ್ ಅನ್ನಬೇಕೋ?

ಉತ್ತರ: ಬಸ್ಸು, ರೈಲು, ಬೈಕಿಗೆ ಗೆಟ್ ಆನ್, ಇಳಿದರೆ ಗೆಟ್ ಆಫ್. ಕಾರು, ಆಟೋಗೆ ಗೆಟ್ ಇನ್, ಗೆಟ್ ಔಟ್. ಬಸ್ಸಿಳಿಯುವುದಕ್ಕೆ ನಾವು ಅನ್ನುವ ‘ಗೆಟ್ ಡೌನ್’ ಇಲ್ಲಿನ ಕಂಡಕ್ಟರಿಗೆ ತಿಳಿಯುತ್ತದೆ. ಲಂಡನ್ನಿನ ಬಸ್ಸಿನಲ್ಲಾದರೆ ‘ಗೆಟ್ ಆಫ್’ ಅನ್ನಿ.