ಚಾವಣಿಯಿಂದ ಇಳಿದ ಕಳ್ಳರು

ಹಳೆ ಪುಸ್ತಕಗಳ ಕಳ್ಳತನದ ಕಾದಂಬರಿ ಓದುತ್ತಿದ್ದೀರಿ. ಕಳ್ಳರು ಚಾವಣಿ ಕೊರೆದು ಹಗ್ಗದಲ್ಲಿ ಇಳಿಯೋದು ತೀರಾ ಸಿನಿಮಾ ಥರ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ, ನಿಜಕ್ಕೂ ಹಾಗೇ ಆಗಿದೆ. 2017ರ ಜನವರಿಯಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಹತ್ತಿರ, ಫೆಲ್ತಮ್‌ನ ಗೋದಾಮಿಗೆ ಕಳ್ಳರು ಹೀಗೇ ಇಳಿದರು. ಗೆಲಿಲಿಯೋ, ನ್ಯೂಟನ್ ಬರೆದ ಪುಸ್ತಕಗಳ ಹಳೆ ಪ್ರತಿಗಳು ಹೋದವು. ಒಟ್ಟು ಬೆಲೆ ಸುಮಾರು 25 ಲಕ್ಷ ಪೌಂಡ್! 2020ರಲ್ಲಿ ರೊಮೇನಿಯಾದ ಒಂದು ಮನೆಯ ನೆಲದಡಿ ಸಿಕ್ಕವು. ಕೆಲವಕ್ಕೆ ನೀರು ತಾಗಿತ್ತು.

ನೀರು ತಾಗಿದ ವಿಷಯ ಓದಿದಾಗ ನನಗೆ ಹೊಟ್ಟೆ ಚುರುಕ್ ಅಂದಿತು. ನಾನು ಸಾಗರದವನು. ಆಷಾಢದ ಮಳೆಗೆ ಕಪಾಟಿನೊಳಗಿನ ಪುಸ್ತಕಕ್ಕೇ ಬೂಷ್ಟು ಹಿಡಿಯುತ್ತೆ, ನೆಲದಡಿ ಇಟ್ಟರೆ ಕೇಳಬೇಕೆ? ಇಲ್ಲಿ ಕಳ್ಳನಿಗಿಂತ ಗೆದ್ದಲಿನ ಭಯವೇ ಜಾಸ್ತಿ.

ನಿಮ್ಮ ಕಾದಂಬರಿಯಲ್ಲಿ ನೋಡಬೇಕಾದದ್ದು ಹಗ್ಗವಲ್ಲ, ಮಾರಾಟ. ಹೆಸರಾಂತ ಪ್ರತಿ ಕದ್ದರೆ ವ್ಯಾಪಾರಿಗಳು ಗುರುತು ಹಿಡಿಯುತ್ತಾರೆ. ಕೊಳ್ಳುವವನು ಯಾರು ಅಂತ ಲೇಖಕರು ನಂಬುವ ಹಾಗೆ ಹೇಳಿದ್ದಾರಾ?

ಹಾಂ, ಈ ಕಡೆ ಬಂದರೆ ಕೆಳದಿ ಮ್ಯೂಸಿಯಂನ ತಾಳೆಗರಿಗಳನ್ನು ನೋಡಿ.