ಎಲ್ಲರೂ ಇದ್ದಾರೆ, ಆದರೂ ಯಾರೂ ಹತ್ತಿರ ಅನ್ನಿಸುತ್ತಿಲ್ಲ. ನನಗೇನಾಗಿದೆ?

ಅಮ್ಮ ಫೋನ್ ಮಾಡಿದರೆ "ಊಟ ಆಯ್ತು" ಅಂತ ಹೇಳಿ ಇಟ್ಟುಬಿಡುತ್ತೀರಿ. ಗೆಳೆಯರು ಕರೆದರೆ ಹೋಗುತ್ತೀರಿ, ನಗುತ್ತೀರಿ, ಆದರೆ ಒಳಗೆ ಏನೂ ಅನ್ನಿಸುವುದಿಲ್ಲ. ಬೆಂಗಳೂರಿಗೆ ಬಂದಮೇಲೆ ಇದು ಜಾಸ್ತಿ ಆಗಿದೆ, ನಾನು ಕಲ್ಲಾಗಿಬಿಟ್ಟೆನಾ ಅಂತ ಕೇಳಿದ್ದೀರಿ.

ಇಲ್ಲ, ಆಗಿಲ್ಲ. ನನಗೂ ಹೀಗೇ ಆಗಿತ್ತು. ತಂಗಿಯ ಮದುವೆಯಲ್ಲಿ ಧಾರೆ ಎರೆಯುವಾಗ ಅಪ್ಪನ ಕೈ ನಡುಗುತ್ತಿತ್ತು. ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲೇ ನಿಂತು, ಎರಡನೇ ಪಂಕ್ತಿಗೆ ಬಾಳೆಎಲೆ ಸಾಲುತ್ತದಾ ಅಂತ ಲೆಕ್ಕ ಹಾಕುತ್ತಿದ್ದೆ. ಎಲೆಯ ಚಿಂತೆ ಇತ್ತು ಅಂತಲ್ಲ. ಮನಸ್ಸಿಗೆ ಬೇರೆ ಏನೂ ಬರುತ್ತಲೇ ಇರಲಿಲ್ಲ.

ಒಂಟಿತನ ಬೇರೆ, ಇದು ಬೇರೆ. ಒಂಟಿತನ ಇದ್ದವರಿಗೆ ಯಾರಾದರೂ ಬೇಕು ಅನ್ನಿಸುತ್ತದೆ, ಜನ ಸಿಕ್ಕರೆ ಎಷ್ಟೋ ಸಲ ಹಗುರವಾಗುತ್ತಾರೆ. ನೀವು ಹೇಳುತ್ತಿರುವುದು ಮನಸ್ಸು ಮರಗಟ್ಟಿದ ಸ್ಥಿತಿ. ಖಿನ್ನತೆ ಯಾವಾಗಲೂ ಅಳುವಾಗಿಯೇ ಬರುವುದಿಲ್ಲ, ಹೀಗೂ ಬರುತ್ತದೆ. ತುಂಬಾ ದಿನದ ಆತಂಕ, ಮನೆಯಲ್ಲೊಂದು ಸಾವು, ನಿದ್ದೆ ಇಲ್ಲದ ನೈಟ್ ಶಿಫ್ಟ್, ಇವುಗಳಿಂದಲೂ ಆಗಬಹುದು. ಹಾಗಾಗಿ "ಜನರ ಜೊತೆ ಬೆರಿ, ಸರಿ ಹೋಗ್ತೀಯ" ಅನ್ನುವವರ ಮಾತು ಪೂರ್ತಿ ಕೆಲಸ ಮಾಡುವುದಿಲ್ಲ. ನೀವು ಬೆರೆಯುತ್ತಲೇ ಇದ್ದೀರಲ್ಲ!

ಮೊದಲು ನಿಮ್ಮ ಮಾಮೂಲಿ ಡಾಕ್ಟರ್ ಹತ್ತಿರ ಹೋಗಿ ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ. ಇವು ಕಡಿಮೆಯಾದರೂ ಸುಸ್ತು, ಮಂಕು ಕವಿಯುತ್ತದೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಈಗಾಗಲೇ ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಕೆಲವು ಮಾತ್ರೆಗಳಿಂದ ಕೆಲವರಿಗೆ ಭಾವನೆಗಳೇ ಮಂದವಾಗುತ್ತವೆ. ಆದರೆ ದಯವಿಟ್ಟು ನೀವೇ ಮಾತ್ರೆ ನಿಲ್ಲಿಸಬೇಡಿ. ಬೇಕಿದ್ದರೆ ಡಾಕ್ಟರೇ ಡೋಸ್ ಬದಲಿಸುತ್ತಾರೆ.

ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಆಸ್ಪತ್ರೆ ನಿಮ್ಹಾನ್ಸ್ ಹೆಸರು ಕೇಳಿದರೆ ಈಗಲೂ ಜನ ಬೆಚ್ಚುತ್ತಾರೆ. ನಾನಂತೂ ಸಂಕೋಚವಿಲ್ಲದೆ ಹೋಗಿ ಅಂತಲೇ ಹೇಳುತ್ತೇನೆ. ಓಪಿಡಿಯಲ್ಲಿ ನಿಮ್ಮಂಥವರೇ, ನನ್ನಂಥವರೇ ಕೂತಿರುತ್ತಾರೆ. ಅಲ್ಲಿಗೆ ಹೋಗಲು ಹಿಂಜರಿಕೆ ಆದರೆ ಬಿಟಿಎಂ ಲೇಔಟ್‌ನಲ್ಲಿ ಅವರದೇ ವೆಲ್‌ಬೀಯಿಂಗ್ ಸೆಂಟರ್ ಇದೆ. ಅದೂ ಬೇಡವೆಂದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇದರಲ್ಲಿ ಬೆಂಗಳೂರಿನ ಪಾಲೂ ಸ್ವಲ್ಪ ಇದೆ. ಇಲ್ಲಿ ಬಾಡಿಗೆ ಮನೆ ಅಂದರೆ 11 ತಿಂಗಳ ಅಗ್ರಿಮೆಂಟ್. ಎದುರು ಮನೆಯವರ ಹೆಸರು ಗೊತ್ತಾಗುವಷ್ಟರಲ್ಲಿ ಓನರ್ ಬಾಡಿಗೆ ಏರಿಸುತ್ತಾರೆ, ನಾವು ಇನ್ನೊಂದು ಏರಿಯಾಗೆ ಗಂಟುಮೂಟೆ ಕಟ್ಟುತ್ತೇವೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮನೆ ಸೇರಿದ ಮೇಲೆ ಯಾರ ಮುಖ ನೋಡುವ ಶಕ್ತಿ ಉಳಿದಿರುತ್ತದೆ ಹೇಳಿ?

ಚಿಕಿತ್ಸೆಯ ಜೊತೆಗೆ ನನಗೆ ಉಪಯೋಗಕ್ಕೆ ಬಂದದ್ದು, ಮಾತಾಡಬೇಕಿಲ್ಲದ ಕಡೆ ಜನರ ಪಕ್ಕ ಕೂರುವುದು. ರಾಮನವಮಿಗೆ ನಮ್ಮ ಬೀದಿಯಲ್ಲಿ ಪಾನಕ, ಕೋಸಂಬರಿ ಹಂಚುತ್ತಾರೆ. ಕೆಳಗಿನ ಮನೆಯ ಅಂಕಲ್ "ಬಾರಪ್ಪ, ಸೌತೆಕಾಯಿ ಹೆಚ್ಚೋಕೆ ಕೈ ಬೇಕು" ಅಂತ ಕರೆದರು. ನೆನೆಸಿದ ಹೆಸರುಬೇಳೆ ದೊಡ್ಡ ಬೇಸಿನ್‌ನಲ್ಲಿ, ಪಕ್ಕದಲ್ಲಿ ತುರಿದ ಕಾಯಿ. ನಾನು ಹೆಚ್ಚುತ್ತಾ ಹೋದೆ. ಯಾರೂ "ಯಾಕೆ ಸಪ್ಪಗಿದ್ದೀಯ" ಅಂತ ಕೇಳಲಿಲ್ಲ. ಒಬ್ಬರು "ಇನ್ನೂ ಸಣ್ಣಗೆ ಹೆಚ್ಚಪ್ಪ" ಅಂದರು, ಅಷ್ಟೇ. ಅವತ್ತು ಖುಷಿ ಏನೂ ಆಗಲಿಲ್ಲ, ಆದರೆ ನಟಿಸುವ ಕೆಲಸ ಇರಲಿಲ್ಲ. ನಟಿಸಿ ನಟಿಸಿಯೇ ನಾವು ಅರ್ಧ ಸುಸ್ತಾಗುವುದು, ಅಲ್ವಾ? ನಿಮ್ಮ ಏರಿಯಾದಲ್ಲೂ ಗಣೇಶನ ಪೆಂಡಾಲ್, ರಾಜ್ಯೋತ್ಸವ, ಪಾರ್ಕಿನ ಶಟಲ್, ಹೀಗೆ ಏನಾದರೂ ಇದ್ದೇ ಇರುತ್ತದೆ. ಮನಸ್ಸು ಬರಲಿ ಅಂತ ಕಾಯಬೇಡಿ. ಈ ಸ್ಥಿತಿಯಲ್ಲಿ ಮನಸ್ಸು ಕೊನೆಗೆ ಬರುತ್ತದೆ.

ಅಮ್ಮನಿಗೆ ಹೇಗೆ ಹೇಳಲಿ ಅಂತಲೂ ಕೇಳಿದ್ದೀರಿ. "ಡಿಪ್ರೆಶನ್" ಅಂದರೆ ಅವರು ಗಾಬರಿಯಾಗಬಹುದು. ನಾನು ನಮ್ಮಮ್ಮನಿಗೆ ಹೇಳಿದ್ದು ಇಷ್ಟೇ: "ಅಮ್ಮಾ, ಇತ್ತೀಚೆಗೆ ಯಾರ ಹತ್ರನೂ ಮಾತು ಬರ್ತಿಲ್ಲ. ನಿನ್ನ ಮೇಲೆ ಕೋಪ ಅಲ್ಲ. ಡಾಕ್ಟರಿಗೆ ತೋರಿಸ್ತಿದೀನಿ. ನೀನು ಫೋನ್ ಮಾಡ್ತಾ ಇರು." ಆಮೇಲೆ ಅಮ್ಮ ಪ್ರಶ್ನೆ ಕೇಳುವುದು ಬಿಟ್ಟು ಸುಮ್ನೆ ಊರಿನ ಸುದ್ದಿ ಹೇಳತೊಡಗಿದರು. ಯಾರ ಮನೆ ಹಸು ಕರು ಹಾಕಿತು, ಯಾರ ಬೋರ್‌ವೆಲ್ ಬತ್ತಿತು. ನಾನು "ಹೂಂ" ಅನ್ನುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಒಂದು ದಿನ "ಆ ಕರು ಹೇಗಿದೆ?" ಅಂತ ನಾನೇ ಕೇಳಿದೆ.

ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ. ಆಗಲೇ 14416ಕ್ಕೆ ಫೋನ್ ಮಾಡಿ, ಇಲ್ಲವೇ ಆಟೋ ಹಿಡಿದು ನಿಮ್ಹಾನ್ಸ್ ಎಮರ್ಜೆನ್ಸಿಗೆ ಹೋಗಿ. ಅದು ರಾತ್ರಿಯೂ ತೆರೆದಿರುತ್ತದೆ.